ಹಳದಿ ಚೀಟಿಯ ಮೂರನೆಯ ಸಾಲು

ಮೊನ್ನೆ ಗೌರಿ ಹಬ್ಬಕ್ಕೆ ಮುಂಚೆ ದೇವರ ಗೂಡು ಒರೆಸೋಣವೆಂದು ಪಟಗಳನ್ನೆಲ್ಲ ಕೆಳಗಿಳಿಸಿದೆ. ಪಟಗಳ ಹಿಂದೆ ನಮ್ಮ ಅತ್ತೆಯವರ ಕಾಲದ ಒಂದು ಸ್ತೋತ್ರದ ಪುಸ್ತಕ ಇರುತ್ತದೆ. ರಟ್ಟು ಕಿತ್ತುಹೋಗಿದೆ, ಓದಲು ಬರುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ. ಅದನ್ನು ಕೊಡವಿದಾಗ ಒಂದು ಫೋಟೋ ನೆಲಕ್ಕೆ ಬಿತ್ತು. ಪೋಸ್ಟ್ ಕಾರ್ಡಿನಷ್ಟು ದೊಡ್ಡದು, ಕಪ್ಪು ಬಿಳುಪು. ಅದರ ಮೂಲೆಗೆ ತೂತು ಮಾಡಿ, ಬಿಳಿ ದಾರದಲ್ಲಿ ಒಂದು ಹಳದಿ ಚೀಟಿ ಕಟ್ಟಿತ್ತು.

ಫೋಟೋದಲ್ಲಿ ಇರುವುದು ತುಂಬೆ ಹೂವು. ಹೂವಿನೊಳಗಿನಿಂದ ಒಂದು ಇರುವೆ ಆಚೆಗೆ ಮುಖ ಹಾಕಿದೆ. ಬೆರಳ ತುದಿಯಷ್ಟೂ ಇಲ್ಲದ ಹೂವು ಅಂಗೈಯಗಲ ಕಾಣುತ್ತದೆ, ಇರುವೆಯ ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆಯೂ ಕಾಣುತ್ತದೆ. ಹಳದಿ ಚೀಟಿಯ ಮೇಲೆ ಮೂರು ಗೆರೆಗಳಿವೆ. ಮೂರೂ ಖಾಲಿ.

ಆ ಮೂರು ಗೆರೆಗಳನ್ನು ನಾನು ತುಂಬಬೇಕಿತ್ತು. ತುಂಬಲಿಲ್ಲ...

ಮದುವೆಯಾಗಿ ನಾನು ಪೀಣ್ಯಕ್ಕೆ ಬಂದದ್ದು ಎಂಬತ್ತರ ಆಸುಪಾಸಿನಲ್ಲಿ. ಒಂದೇ ಸಾಲಿಗೆ ಆರು ಮನೆಗಳ ವಠಾರ, ಕೊನೆಯಲ್ಲಿ ಓನರಮ್ಮನ ದನದ ಕೊಟ್ಟಿಗೆ. ಅವರು ಆ ಊರಿನ ಹಳೇ ಒಕ್ಕಲು ಮನೆತನದವರು. ಹೊಲದಲ್ಲಿ ಹೆಚ್ಚಿನ ಪಾಲು ಫ್ಯಾಕ್ಟರಿಗಳಿಗೆ ಹೋಗಿತ್ತು. ಉಳಿದ ತುಂಡಿನಲ್ಲಿ ಅವರೆ, ರಾಗಿ ಹಾಕಿಕೊಂಡು, ಬಾಡಿಗೆ ತೆಗೆದುಕೊಂಡು ಇದ್ದರು. ವಠಾರದ ಹಿಂದೆ ಕಟ್ಟದೆ ಬಿಟ್ಟ ಸೈಟುಗಳು ಬೇಕಾದಷ್ಟು. ಅಲ್ಲೆಲ್ಲ ತುಂಬೆ, ಎಕ್ಕ, ಗರಿಕೆ, ಉತ್ತರಾಣಿ. ದುಡ್ಡು ಕೊಟ್ಟು ಹೂವು ತರುವ ಕಾಲವಲ್ಲ ನಮ್ಮದು. ಸೋಮವಾರಕ್ಕೆ ತುಂಬೆ, ಶನಿವಾರ ಆಂಜನೇಯನಿಗೆ ಎಕ್ಕದ ಹಾರ, ಚೌತಿಗೆ ಗರಿಕೆ, ಎಲ್ಲವನ್ನೂ ದೇವರು ಮನೆಯ ಹಿಂದೆಯೇ ಬೆಳೆಸಿಟ್ಟಿದ್ದ. ಬೆಳಗಿನ ಸೈರನ್ನಿಗೆ ಮುಂಚೆ ಬುಟ್ಟಿ ಹಿಡಿದು ಹೋದರೆ ಅರ್ಧ ಗಂಟೆಯಲ್ಲಿ ಪೂಜೆಗೆ ಆಗುವಷ್ಟು ಸಿಗುತ್ತಿತ್ತು.

ಮೂರನೇ ಮನೆಯಲ್ಲಿದ್ದವರನ್ನು ವಠಾರದವರೆಲ್ಲ ಚೆಕಿಂಗ್ ಸಾರ್ ಅನ್ನುತ್ತಿದ್ದರು. ಐವತ್ತು ದಾಟಿದವರು. ನಮ್ಮ ಯಜಮಾನರು ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯಲ್ಲೇ ಅವರದು ಚೆಕಿಂಗ್ ಕೆಲಸ. ಇವರು ಕಡೆದ ಪೀಸುಗಳು ಅವರ ಮೇಜಿಗೆ ಹೋಗುತ್ತಿದ್ದವು. ಅಳತೆ ಸರಿಯಿದ್ದರೆ ಹಸಿರು ಚೀಟಿ. ತಿದ್ದಿದರೆ ಸರಿಯಾಗುತ್ತದೆ ಅಂದರೆ ಹಳದಿ. ಏನು ಮಾಡಿದರೂ ಆಗದು ಅಂದರೆ ಕೆಂಪು. ಹಳದಿ ಚೀಟಿ ಬಂದ ದಿನ ನಮ್ಮ ಯಜಮಾನರು ಊಟಕ್ಕೆ ಕೂತಾಗಲೂ ಗೊಣಗುತ್ತಿದ್ದರು. ಆದರೆ ಅವರೇ ಒಂದು ಮಾತು ಹೇಳುತ್ತಿದ್ದರು, "ಆವಯ್ಯ ಕಾರಣ ಬರೀದೆ ಒಂದು ಪೀಸೂ ವಾಪಸ್ ಕಳಿಸಲ್ಲ ಕಣೆ. ಅದೊಂದು ಒಪ್ಕೋಬೇಕು."

ನಾನು ಅವರನ್ನು ಸರಿಯಾಗಿ ಕಂಡದ್ದು ಒಂದು ಬೆಳಿಗ್ಗೆ. ಬುಟ್ಟಿ ತೆಗೆದುಕೊಂಡು ಹೊರಟಿದ್ದೆ. ಓನರಮ್ಮ ಹಾಲು ಕರೆದ ಚೊಂಬು ಕೈಯಲ್ಲಿ ಹಿಡಿದೇ ಓಡಿಬಂದರು.

"ನೋಡವ್ವಾ, ಮೂರ್ನೇ ಮನೆ ವಯ್ಯ ಸೈಟ್ನಾಗೆ ಮಕಾಡೆ ಬಿದ್ದವ್ನೆ. ಉಸಾರಿಲ್ವೇನೋ ಏನ್ ಕತೇನೋ. ಒಸಿ ಓಗಿ ನೋಡು, ನಂಗೆ ಕೈಕಾಲು ಆಡ್ತಿಲ್ಲ."

ನಾನು ಸೆರಗು ಸಿಕ್ಕಿಸಿಕೊಂಡು ಓಡಿದೆ. ನಿಜ, ಮನುಷ್ಯ ಮಕಾಡೆ ಮಲಗಿದ್ದಾರೆ, ಅಲುಗಾಟವಿಲ್ಲ. "ಸಾರ್, ಸಾರ್" ಅಂದೆ. ತಲೆ ಎತ್ತದೆ ಒಂದು ಕೈ ಮಾತ್ರ ಎತ್ತಿದರು.

"ಸ್ವಲ್ಪ ಆ ಕಡೆ ನಿಂತ್ಕೊಳ್ಳಮ್ಮ. ನಿಮ್ಮ ನೆರಳು ಬೀಳ್ತಾ ಇದೆ."

ಅವರ ಮುಖದ ಮುಂದೆ ಕ್ಯಾಮೆರಾ, ಕ್ಯಾಮೆರಾದ ಮುಂದೆ ಗೇಣುದ್ದದ ತುಂಬೆ ಗಿಡ. ಗಾಳಿ ನಿಲ್ಲಲಿ ಅಂತ ಉಸಿರು ಬಿಗಿಹಿಡಿದು ಮಲಗಿದ್ದರು. ಟಪ್ ಅಂತ ಸದ್ದಾದ ಮೇಲೆ ಎದ್ದು ಕೂತು, ಎದೆಯ ಮೇಲಿನ ಮಣ್ಣು ಕೊಡವಿಕೊಂಡರು. ನಾನು ಹೂವು ಬಿಡಿಸಲು ಶುರುಮಾಡಿದೆ. ನಮ್ಮಮ್ಮ ಕಲಿಸಿದ ಕ್ರಮ ಹಾಗಿದೆ: ಪ್ರತಿ ಹೂವನ್ನೂ ಮಗುಚಿ ನೋಡಬೇಕು, ಇರುವೆ ಇದ್ದರೆ ತಟ್ಟಿ ಬಿಡಬೇಕು, ಹುಳು ತಿಂದದ್ದು, ನೆಲಕ್ಕೆ ಬಿದ್ದದ್ದು, ನಿನ್ನೆ ಅರಳಿ ಬಾಡಿದ್ದು ದೇವರಿಗೆ ಆಗದು, ಮೂಸಿಯಂತೂ ನೋಡಕೂಡದು. ನಾನು ಒಂದೊಂದನ್ನೇ ನೋಡಿ, ಕೆಲವನ್ನು ಬುಟ್ಟಿಗೂ ಕೆಲವನ್ನು ಗಿಡದ ಬುಡಕ್ಕೂ ಹಾಕುತ್ತಿದ್ದೆ. ಅವರು ಸುಮ್ಮನೆ ನೋಡುತ್ತಿದ್ದರು.

"ಇದನ್ನ ಯಾಕೆ ಬಿಟ್ರಿ?" ಅಂದರು.

"ಅಂಚು ಕಂದಿದೆ ಸಾರ್."

ಅವರು ಆ ಹೂವನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. "ದಿನಾ ಬೆಳಿಗ್ಗೆ ನನ್ನ ಕೆಲಸಾನೇ ಮಾಡ್ತಾ ಇದ್ದೀರಲ್ಲಮ್ಮ ನೀವು," ಅಂದರು.

ಅದಾದ ವಾರಕ್ಕೆ ಅವರ ಮನೆಗೆ ಕರೆದರು. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ, ಮಗಳ ಮದುವೆ ಮಾಡಿ ಕಳಿಸಿ ಇಬ್ಬರೇ ಇದ್ದರು. ಅಕ್ಕ ಕಾಫಿ ಕೊಟ್ಟರು. ಸಾರ್ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ನನ್ನ ಮುಂದೆ ಫೋಟೋಗಳನ್ನು ಹರಡಿದರು. ಎಕ್ಕದ ಎಲೆಯ ಕೆಳಗಿನ ಹೇನು, ಹುಲ್ಲಿನ ತುದಿಯ ಹನಿ, ಮಿಡತೆಯ ಕಾಲು. ಹಳೇ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಯಾರೋ ಮಾರಿದ ಉಂಗುರಗಳನ್ನು ತಿರುಗಿಸಿ ಹಾಕಿ, ಚಿಕ್ಕದನ್ನು ದೊಡ್ಡದಾಗಿ ತೆಗೆಯುತ್ತಿದ್ದರು. ರೀಲು ತೊಳೆಸಲು ಯಶವಂತಪುರದ ಸ್ಟುಡಿಯೋಗೆ ಹೋಗಬೇಕಿತ್ತು. ಪ್ರತಿ ವರ್ಷ ಪೇಟೆಯಲ್ಲಿ ನಡೆಯುವ ಫೋಟೋ ಪ್ರದರ್ಶನಕ್ಕೆ ನಾಲ್ಕು ಕಳಿಸುತ್ತಿದ್ದರು. ನಾಲ್ಕೂ ವಾಪಸ್ ಬರುತ್ತಿದ್ದವು. ಜೊತೆಗೆ ಬರುತ್ತಿದ್ದ ಕಾಗದದಲ್ಲಿ ಆಯ್ಕೆಯಾಗಿಲ್ಲ ಅಂತ ಒಂದೇ ಮಾತು.

"ಇದು ನೋಡಮ್ಮ ನಂಗೆ ಅರ್ಥ ಆಗದ್ದು," ಅಂದರು. "ಆಗಲಿಲ್ಲ ಅನ್ನಲಿ, ಬೇಜಾರಿಲ್ಲ. ಯಾಕೆ ಆಗಲಿಲ್ಲ ಅಂತ ಬರೀಬೇಕೋ ಬೇಡವೋ? ನಮ್ಮಲ್ಲಿ ಕಾರಣ ಬರೀದೆ ಒಂದು ಬೋಲ್ಟ್ ವಾಪಸ್ ಕಳಿಸಿದ್ರೆ ಆ ಹುಡುಗರು ನನ್ನ ಮೇಜು ಹತ್ತಿ ಕೂರ್ತಾರೆ."

ಅಕ್ಕ ಅಡುಗೆಮನೆಯಿಂದಲೇ, "ಹುಳ ಹುಪ್ಪಟೆ ಫೋಟೋ ನೋಡಿ ಅವರಿಗೂ ಊಟ ಸೇರಿರಲ್ಲ, ಅದೇ ಕಾರಣ," ಅಂದರು.

ಸಾರ್ ನಕ್ಕು, ನೀವು ಹೇಳಿ ಅಂತ ಮಿಡತೆಯ ಫೋಟೋ ನನ್ನ ಕೈಗೆ ಕೊಟ್ಟರು. ಹಿರಿಯರು, ಕಾಫಿ ಬೇರೆ ಕೊಟ್ಟಿದ್ದಾರೆ. "ಚೆನ್ನಾಗಿದೆ ಸಾರ್," ಅಂದೆ. ಅವರ ಮುಖ ಇಳಿದುಹೋಯಿತು.

"ಚೆನ್ನಾಗಿದೆ ಅನ್ನೋದು ಚೀಟಿ ಮೇಲೆ ಬರೆಯೋ ಮಾತಲ್ಲಮ್ಮ. ಅದನ್ನ ಇಟ್ಕೊಂಡು ನಾನು ನಾಳೆ ಏನು ಮಾಡ್ಲಿ?"

ಆಮೇಲೆ ಒಂದು ಕಟ್ಟು ಹಳದಿ ಚೀಟಿ ತೆಗೆದರು. ಅಚ್ಚು ಓರೆಯಾಗಿ ಕಸಕ್ಕೆ ಹೊರಟಿದ್ದನ್ನು ಫ್ಯಾಕ್ಟರಿಯಲ್ಲಿ ಕೇಳಿಯೇ ತಂದಿದ್ದರಂತೆ. ಹಸಿರು, ಕೆಂಪು ಮನೆಯೊಳಗೆ ಬರಬಾರದು, ಇಲ್ಲಿ ಎಲ್ಲವೂ ಹಳದಿ ಅಂದರು. ಮೂರು ಗೆರೆ ಎಳೆದು ತೋರಿಸಿದರು. ಮೊದಲನೆಯದರಲ್ಲಿ, ನೋಡಿದ ಕೂಡಲೇ ಕಣ್ಣು ಎಲ್ಲಿಗೆ ಹೋಯಿತು ಅಂತ ಬರೆಯಬೇಕು. ಎರಡನೆಯದರಲ್ಲಿ, ಕಣ್ಣನ್ನು ತಡೆದದ್ದು ಯಾವುದು. ಮೂರನೆಯದರಲ್ಲಿ, ನಾಳೆ ಏನು ಮಾಡಬೇಕು. ಬರೆಯುವಾಗ ಫೋಟೋ ತೆಗೆದವರು ಬಾಯಿ ಬಿಡಕೂಡದು. ಗಾಳಿ ಬೀಸ್ತಿತ್ತು, ಬಿಸಿಲಿರಲಿಲ್ಲ ಅಂತೆಲ್ಲ ಸಮಜಾಯಿಷಿ ಕೊಡಕೂಡದು. ಪೀಸ್ ಜೊತೆ ಅದನ್ನ ಮಾಡಿದವನೂ ಗಿರಾಕಿ ಮನೆಗೆ ಹೋಗಿ ನಿಂತ್ಕೊಂಡು ಮಾತಾಡ್ತಾನಾ ಅಂತ ಕೇಳಿದರು.

ನಾನು ಮಿಡತೆಯ ಫೋಟೋವನ್ನು ಮತ್ತೆ ನೋಡಿದೆ. ಹೂವು ನೋಡುವ ಹಾಗೆ ನೋಡಿದೆ. ನಿಜ ಹೇಳಬೇಕೆಂದರೆ ನನ್ನ ಕಣ್ಣು ಮೊದಲು ಹೋದದ್ದು ಮಿಡತೆಗಲ್ಲ, ಹಿಂದೆ ಬೆಳ್ಳಗೆ ಹೊಳೆಯುತ್ತಿದ್ದ ಕಾಗದದ ಚೂರಿಗೆ. ಹಾಗೆಂದೇ ಬರೆದೆ. ಮೂರನೇ ಸಾಲಿಗೆ, ಫೋಟೋ ತೆಗೆಯುವ ಮುಂಚೆ ಕಾಗದ ಹೆಕ್ಕಿ ಅಂತ ಬರೆದೆ. ಬರೆದು ಅವರ ಕೈಗೆ ಕೊಟ್ಟೆ. ಅವರು ಓದಿ, ಫೋಟೋ ನೋಡಿ, ಮತ್ತೆ ಓದಿ, ಅಡುಗೆಮನೆಯ ಕಡೆ ತಿರುಗಿ, "ಕೇಳಿದ್ಯೇನೆ, ಕಾಗದ ಇದೆ ಕಣೆ ಇದರಲ್ಲಿ. ಆರು ತಿಂಗಳಿಂದ ನೋಡ್ತಾ ಇದ್ದೀನಿ, ನಂಗೆ ಕಂಡೇ ಇಲ್ಲ," ಅಂದರು. ಅಷ್ಟು ಸಂತೋಷ ನಾನು ಹೊಗಳಿದ್ದರೂ ಆಗುತ್ತಿರಲಿಲ್ಲ.

ಆಮೇಲೆ ಭಾನುವಾರಗಳಂದು ಅದೊಂದು ರೂಢಿಯಾಯಿತು. ಜಗುಲಿಯ ಮೇಲೆ ಚಾಪೆ ಹಾಕಿ ಕೂರುತ್ತಿದ್ದೆವು. ಓನರಮ್ಮನೂ ಬಂದು ಎಲೆ ಅಡಿಕೆ ಹಾಕಿಕೊಂಡು ಕೂರುವರು. ಅವರಿಗೆ ಬರೆಯಲು ಬಾರದು, ಹೇಳಿದ್ದನ್ನು ನಾನು ಬರೆಯುತ್ತಿದ್ದೆ.

"ಈ ಉಳ ನಮ್ಮ ಅವರೆ ಗಿಡ ತಿಂದಾಕಿದ್ದು. ಇದ್ರ ಪೋಟೋ ಯಾಕ್ ಇಡ್ದೆಯಪ್ಪಾ? ಇಸುಕಾಕ್ಬೇಕಿತ್ತು," ಅಂದರು ಒಮ್ಮೆ. ಸಾರ್ ಅದನ್ನೂ ಬರೆಸಿದರು. ಮೂರನೇ ಸಾಲು: ಹಿಸುಕಿ ಹಾಕುವುದು.

ನಮ್ಮ ಯಜಮಾನರಿಗೆ ಮೊದಮೊದಲು ಇರುಸುಮುರುಸು. "ನನ್ನ ಪೀಸ್‌ಗೆ ಚೀಟಿ ಕಟ್ಟಿದ್ದು ಸಾಲ್ದು ಅಂತ ಈಗ ನನ್ನ ಹೆಂಡ್ತಿ ಕೈಗೂ ಚೀಟಿ ಕೊಟ್ಟವ್ರೆ. ಇನ್ನು ಮನೇಲಿ ನಂಗೂ ಒಂದು ಕಟ್ಬಿಡು," ಅಂದರು. "ಕಟ್ತೀನಿ, ಬಾಯಿಗೆ," ಅಂದೆ. ಆಮೇಲೆ ಅವರೂ ಬಂದು ಗೋಡೆಗೆ ಒರಗಿ ಕೂತರು.

ಒಂದು ಸಲ ಸಾರ್ ರೀಲಿನ ಕೊನೆಯ ಮೂರು ಫೋಟೋ ನೀವು ತೆಗೀರಿ ಅಂತ ಕ್ಯಾಮೆರಾ ನನ್ನ ಕೈಗಿಟ್ಟರು. ನಾನು ಎಕ್ಕದ ಹೂವನ್ನು ಮೂರು ಸಲ ತೆಗೆದೆ. ಫೋಟೋ ಬಂದಾಗ ನನಗೆ ಬಹಳ ಹೆಮ್ಮೆ. ಅವರು ಬರೆದ ಚೀಟಿ ಈಗಲೂ ಬಾಯಿಪಾಠ: ಮೊದಲು ಕಣ್ಣು ಹೋದದ್ದು ನೆಲದ ಬಿಳಿ ಜಲ್ಲಿಗೆ. ತಡೆದದ್ದು, ಹೂವು ಕೆಳಗಿದೆ, ನೋಡುವವರು ಮೇಲೆ ನಿಂತಿದ್ದಾರೆ. ನಾಳೆ, ಕೂತು ತೆಗೆಯಿರಿ.

ನನಗೆ ಸಿಟ್ಟು ಬಂತು. ಸೀರೆ ಉಟ್ಟ ಹೆಂಗಸು ದಾರಿಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ ಸೈಟಿನಲ್ಲಿ ಬಗ್ಗಿ ಕೂರುವುದು ಅವರಿಗೆ ಸುಲಭವಾಗಿ ಕಂಡಿರಬೇಕು. ಎರಡು ದಿನ ಅವರ ಮನೆಯ ಕಡೆ ಹೋಗಲಿಲ್ಲ. ಶನಿವಾರ ಗುಡಿಗೆ ಹೋಗಿ, ಹಾರ ಕೊಟ್ಟು, ಎಂದಿನ ಹಾಗೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದೆ. ಏಳುವಾಗ ಅನ್ನಿಸಿತು, ಇಲ್ಲಿ ಇಷ್ಟು ಜನರ ಮುಂದೆ ಬಗ್ಗಲು ನಾಚಿಕೆ ಇಲ್ಲ, ಆ ಹಾರದ ಹೂವು ಬೆಳೆದ ಕಡೆ ಬಗ್ಗಲು ಏನು ಬಿಗುಮಾನ? ಮುಂದಿನ ರೀಲಿನಲ್ಲಿ ನಾನು ಗಿಡದ ಮುಂದೆ ಮಂಡಿಯೂರಿದೆ. ಕೂತ ಮೇಲೆ ಎಲೆಯಡಿಯಲ್ಲಿ ಚುಕ್ಕಿಯ ಕೆಂಪು ಹುಳು ಕಂಡಿತು, ಅದನ್ನು ತೆಗೆದೆ. ಆ ಚೀಟಿಯಲ್ಲಿ ಸಾರ್ ಬರೆದದ್ದು: ಕಣ್ಣು ಹೋದದ್ದು ಹುಳುವಿನ ಬೆನ್ನಿಗೆ. ತಡೆದದ್ದು ಏನೂ ಇಲ್ಲ. ನಾಳೆ, ಇದನ್ನೇ ಇನ್ನೊಂದು ಸಲ.

ಹೀಗೆ ಮೂರು ವರ್ಷ ನಡೆಯಿತು. ನಡುವೆ ನನಗೆ ಮಗಳು ಹುಟ್ಟಿದಳು, ಸೈಟುಗಳಲ್ಲಿ ಒಂದೆರಡು ಶೆಡ್ಡುಗಳು ಎದ್ದವು. ಒಂದು ವರ್ಷ ಸಾರ್ ಕಳಿಸಿದ ನಾಲ್ಕರಲ್ಲಿ ಒಂದು ವಾಪಸ್ ಬರಲಿಲ್ಲ. ಪ್ರದರ್ಶನದಲ್ಲಿ ಹಾಕಿದರು. ನಾವೆಲ್ಲ ಬಸ್ಸಿನಲ್ಲಿ ಹೋಗಿ ನೋಡಿಬಂದೆವು. ಅದರ ಮುಂದೆ ಯಾರೋ ನಿಂತು ಚೆನ್ನಾಗಿದೆ ಅಂದರು. ಸಾರ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಮರುವರ್ಷ ಪ್ರದರ್ಶನಕ್ಕೆ ಕಳಿಸಲೆಂದು ಹನ್ನೆರಡು ಫೋಟೋ ತೊಳೆಸಿ ತಂದರು. ಇದರಲ್ಲಿ ನಾಲ್ಕು ಆರಿಸಿಕೊಡಿ ಅಂದರು. ಅಂದು ಅಕ್ಕ ಚಕ್ಕುಲಿ ಮಾಡಿದ್ದರು. ನಾನು ಮೊದಲನೆಯದನ್ನು ನೋಡಿದೆ. ಇರುವೆ ಮಂಜುಮಂಜಾಗಿತ್ತು. ಗಾಳಿ ಇರಬೇಕು ಅಂತ ಪಕ್ಕಕ್ಕಿಟ್ಟು ಎರಡನೆಯದನ್ನು ಎತ್ತಿಕೊಂಡೆ. ಜೇಡ ಮಂಜು, ಹಿಂದಿನ ಎಲೆಯ ನರನರವೂ ಸ್ಪಷ್ಟ. ಮೂರು, ನಾಲ್ಕು... ಹನ್ನೆರಡೂ ಹಾಗೆಯೇ. ಯಾವುದನ್ನು ತೆಗೆಯಬೇಕೆಂದು ಮಲಗಿದ್ದರೋ ಅದು ಮಸುಕು, ಅದರ ಹಿಂದಿನದು ಸ್ವಚ್ಛ. ತಲೆಯೆತ್ತಿ ಅವರ ಮುಖ ನೋಡಿದೆ. ಹನ್ನೆರಡನ್ನೂ ನೋಡಿಯೇ ತಂದಿದ್ದರು. ಅವರಿಗೆ ಮಸುಕು ಕಂಡಿರಲಿಲ್ಲ.

ನನಗೆ ಒಂದು ಕ್ಷಣದಲ್ಲಿ ತಿಳಿದುಹೋಯಿತು. ಅವರ ಅನ್ನವೇ ಕಣ್ಣಿನದು. ಕೂದಲೆಳೆಯಷ್ಟು ವ್ಯತ್ಯಾಸ ನೋಡಿ ಹಸಿರು, ಹಳದಿ ಕಟ್ಟುವ ಮನುಷ್ಯ. ಇದನ್ನು ಬಾಯಿಬಿಟ್ಟು ಹೇಳಿದರೆ ಫೋಟೋದ ಮಾತಾಗಿ ಉಳಿಯುವುದಿಲ್ಲ. ಅಕ್ಕ ಚಕ್ಕುಲಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಚೆನ್ನಾಗಿವೆ ಸಾರ್," ಅಂದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಮೂರು ವರ್ಷದಲ್ಲಿ ಆ ಮಾತು ನಮ್ಮಿಬ್ಬರ ನಡುವೆ ಬಂದಿರಲಿಲ್ಲ. ಅದು ಬಂದದ್ದೇ ಅವರಿಗೆ ಸಾಕಾಗಿತ್ತು.

"ಚೀಟಿ ಬರೀರಮ್ಮ," ಅಂದರು.

ದೇವರನ್ನು ನೆನೆದು ಬರೆದೆ. ಮೊದಲು ಕಣ್ಣು ಹೋದದ್ದು ಹಿಂದಿನ ಎಲೆಗೆ. ತಡೆದದ್ದು, ಹುಳು ಮಸುಕು. ಮೂರನೇ ಸಾಲಿನಲ್ಲಿ ಏನು ಬರೆಯುವುದು? ಕಣ್ಣಿನ ಡಾಕ್ಟರಿಗೆ ತೋರಿಸಿ ಅಂತ ಬರೆದೆ. ಅವರು ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿದರು.

"ಎಷ್ಟರಲ್ಲಿ?"

"ಎಲ್ಲದರಲ್ಲೂ."

"ಎಲ್ಲದರಲ್ಲೂ ಹಿಂದಕ್ಕೇನಾ? ಒಂದಾದರೂ ಮುಂದಕ್ಕೆ ಹೋಗಿಲ್ವಾ?"

"ಇಲ್ಲ ಸಾರ್. ಎಲ್ಲಾ ಹಿಂದಕ್ಕೇ."

ಗೋಡೆಗೆ ಒರಗಿದ್ದ ನಮ್ಮ ಯಜಮಾನರು ನೆಟ್ಟಗೆ ಕೂತರು. ಆ ಲೆಕ್ಕ ಅವರಿಗೂ ಗೊತ್ತಿತ್ತು. ಪೀಸುಗಳು ಒಂದು ದಪ್ಪ, ಒಂದು ಸಣ್ಣ ಬಂದರೆ ತಪ್ಪು ಕೆಲಸಗಾರನ ಕೈಯದು. ಎಲ್ಲವೂ ಒಂದೇ ಕಡೆಗೆ ತಪ್ಪಿದರೆ ಕೈಯನ್ನು ಬೈಯಬಾರದು, ಅಳೆಯುವ ಗೇಜನ್ನು ನೋಡಬೇಕು. ಸರಿಯಾಗಿ ಕಾಣಲಿ ಅಂತ ಸಾರ್ ಪ್ರತಿ ಸಲವೂ ಒಂದಿಷ್ಟು ಮುಂದಕ್ಕೆ ವಾಲುತ್ತಿದ್ದರು, ಕ್ಯಾಮೆರಾಕ್ಕೆ ಸ್ಪಷ್ಟವಾಗಿ ಕಾಣುವ ಜಾಗ ಹುಳುವನ್ನು ದಾಟಿ ಹಿಂದಕ್ಕೆ ಬೀಳುತ್ತಿತ್ತು. ಅವರಿಗೇ ಅರಿವಿರಲಿಲ್ಲ.

"ಹಾಗಾದ್ರೆ ಗೇಜೇ ಕೆಟ್ಟಿದೆ," ಅಂದರು ಸಾರ್. ಆಮೇಲೆ ಒಂದು ಚಕ್ಕುಲಿ ಮುರಿದು ನನ್ನ ಮಗಳ ಕೈಗೆ ಕೊಟ್ಟರು.

ಮರುದಿನ ಫ್ಯಾಕ್ಟರಿಯಲ್ಲಿ ನಡೆದದ್ದನ್ನು ನಮ್ಮ ಯಜಮಾನರು ಹೇಳಿದರು. ಸಾರ್ ಸೈರನ್ ಆದ ಕೂಡಲೇ ಸಾಹೇಬರ ಹತ್ತಿರ ಹೋಗಿ, ನಾನು ಎರಡು ತಿಂಗಳಿಂದ ಹಸಿರು ಚೀಟಿ ಕಟ್ಟಿದ್ದನ್ನೆಲ್ಲ ಇನ್ನೊಬ್ಬರ ಕೈಯಲ್ಲಿ ಮತ್ತೆ ನೋಡಿಸಿ ಅಂದರಂತೆ. ಯಾರೂ ಕೇಳಿರಲಿಲ್ಲ, ಯಾವ ಗಿರಾಕಿಯೂ ದೂರಿರಲಿಲ್ಲ. ನೋಡಿದಾಗ ಮೂರು ಪೆಟ್ಟಿಗೆಯಲ್ಲಿ ಅಳತೆ ತಪ್ಪಿದ ಪೀಸುಗಳಿದ್ದವು. "ಬಾಯ್ಮುಚ್ಕೊಂಡಿದ್ರೆ ರಿಟೈರ್ ಆಗೋವರೆಗೂ ಯಾರಿಗೂ ಗೊತ್ತಾಗ್ತಿರಲಿಲ್ಲ ಕಣೆ," ಅಂದರು ನಮ್ಮ ಯಜಮಾನರು. ಹೇಳಿ, ತುಂಬ ಹೊತ್ತು ಅನ್ನ ಕಲಸುತ್ತಲೇ ಕೂತಿದ್ದರು.

ಅವರನ್ನು ಚೆಕಿಂಗ್ ಮೇಜಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಕೆಲಸ ಹೋಗಲಿಲ್ಲ, ಅದು ದೇವರ ದಯೆ. ಆದರೆ ಇಪ್ಪತ್ತು ವರ್ಷ ಕೂತ ಮೇಜು ಹೋಯಿತು. ಅಕ್ಕ ನೀರು ಹಿಡಿಯುವ ಕಡೆ ನನ್ನನ್ನು ತಡೆದು ನಿಲ್ಲಿಸಿದರು.

"ಚೆನ್ನಾಗಿವೆ ಅಂತ ಬಾಯಲ್ಲಿ ಬಂದಿತ್ತಲ್ಲೇ. ಅಷ್ಟಕ್ಕೇ ಸುಮ್ಮನಾಗಕ್ಕೆ ಏನಾಗಿತ್ತು ನಿಂಗೆ? ಅವ್ರು ಬರಿ ಅಂದ್ರೆ ಬರೆದುಬಿಡೋದಾ?"

ನಾನು ಕೊಡ ಎತ್ತಿಕೊಂಡು ಮನೆಗೆ ಬಂದೆ. ಎಂಟು ತಿಂಗಳು ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಸಾರ್ ಮಾತ್ರ ಎದುರಾದಾಗಲೆಲ್ಲ, ಇವತ್ತು ತುಂಬೆ ಹೇಗಿದೆಯಮ್ಮ ಅಂತ ಕೇಳುತ್ತಿದ್ದರು. ಕಣ್ಣಿನ ಪೊರೆ ತೆಗೆಸಿದರು. ಗಾಜಿನ ಲೋಟದ ತಳದಂಥ ಕನ್ನಡಕ ಬಂತು. ದೂರದ್ದು ಕಾಣುತ್ತಿತ್ತು, ಕ್ಯಾಮೆರಾದ ಒಳಗೆ ನೋಡಿದರೆ ಮಾತ್ರ ಎಲ್ಲ ಈಜಿದ ಹಾಗೆ ಆಗುತ್ತದೆ ಅನ್ನುತ್ತಿದ್ದರು. ಭಾನುವಾರದ ಚಾಪೆ ಮತ್ತೆ ಹಾಸಲಿಲ್ಲ.

ರಿಟೈರಾದ ಮೇಲೆ ಅವರು ವರ್ತೂರಿಗೆ ಹೋದರು. ಅಲ್ಲಿ ಅಕ್ಕನ ತವರಿನವರು ತೋಟದ ಅಂಚಿನಲ್ಲಿ ಒಂದು ಮನೆ ಬಿಟ್ಟುಕೊಟ್ಟಿದ್ದರು. ಹೋಗುವ ದಿನ ಅಕ್ಕ ನನ್ನ ಮಗಳಿಗೆ ಒಂದು ಫ್ರಾಕ್ ಕೊಟ್ಟು, ನನಗೆ ಕುಂಕುಮ ಕೊಟ್ಟರು. ಅಷ್ಟರಮಟ್ಟಿಗೆ ಮನಸ್ಸು ತಿಳಿಯಾಗಿತ್ತು. ಪೀಣ್ಯದಿಂದ ವರ್ತೂರಿಗೆ ಆಗ ಬಸ್ಸು ಬದಲಾಯಿಸಿಕೊಂಡು ಹೋದರೆ ಅರ್ಧ ದಿನ. ಬರುತ್ತೇನೆ ಅಂದೆ. ಹೋಗಲಾಗಲಿಲ್ಲ...

ವರ್ಷವಾದ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಈ ಇರುವೆಯ ಫೋಟೋ. ದಾರದಲ್ಲಿ ಕಟ್ಟಿದ ಖಾಲಿ ಹಳದಿ ಚೀಟಿ. ಜೊತೆಗೆ ದಪ್ಪ ಅಕ್ಷರದ ಒಂದು ಕಾಗದ. ಹಳೇ ಫ್ಯಾಕ್ಟರಿಯವರೊಬ್ಬರ ಕೈಯಲ್ಲಿ ಒಂದು ತಂತಿ ಬಗ್ಗಿಸಿ ಮಾಡಿಸಿಕೊಂಡು ಲೆನ್ಸಿಗೆ ಸಿಕ್ಕಿಸಿದ್ದಾರೆ. ತಂತಿಯ ತುದಿ ಎಲ್ಲಿಗೆ ಬರುತ್ತದೋ ಅಲ್ಲಿರುವುದು ಸ್ಪಷ್ಟವಾಗಿ ಬೀಳುತ್ತದೆ. ಕ್ಯಾಮೆರಾದ ಒಳಗೆ ನೋಡಬೇಕಾಗಿಯೇ ಇಲ್ಲ. "ಹೊಸ ಗೇಜು ಮಾಡಿಕೊಂಡಿದ್ದೇನೆ. ಕೆರೆ ಏರಿಯ ಮೇಲೆ ತುಂಬೆ ಬೇಕಾದಷ್ಟಿದೆ. ನಿಮ್ಮ ಚೀಟಿ ಬಂದ ಮೇಲೆ ಪ್ರದರ್ಶನಕ್ಕೆ ಕಳಿಸುತ್ತೇನೆ" ಅಂತ ಬರೆದಿದ್ದರು.

ಫೋಟೋ ನೋಡಿ ನಾನು ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಇರುವೆಯ ಕಣ್ಣು ಅಷ್ಟು ಸ್ಪಷ್ಟ. ಆಮೇಲೆ ಪೆನ್ನು ತೆಗೆದುಕೊಂಡು ಕೂತೆ. ಕೂತಾಗ ಕಂಡಿತು. ಬಲಗಡೆಯಿಂದ ಒಂದು ಒಣಹುಲ್ಲಿನ ಕಡ್ಡಿ ಹೂವಿಗೆ ಅಡ್ಡ ಬಂದಿತ್ತು. ಬೆಳ್ಳಗೆ, ದಪ್ಪಗೆ. ಕಣ್ಣು ಇರುವೆಯ ಹತ್ತಿರ ಹೋಗಿ, ಮತ್ತೆ ಕಡ್ಡಿಯ ಹತ್ತಿರ ಜಾರುತ್ತಿತ್ತು. ತಂತಿಯ ತುದಿಯನ್ನಷ್ಟೇ ನೋಡುತ್ತಿದ್ದವರಿಗೆ ಅದು ಕಂಡಿರಲಾರದು.

ಹೇಳಿದರೆ ಏನಾಗುತ್ತಿತ್ತು? ಕಡ್ಡಿ ಬಾಗಿಸಿ ಇನ್ನೊಂದು ತೆಗೆಯುತ್ತಿದ್ದರು, ಅಷ್ಟೇ. ಆದರೆ ಹಿಂದೆ ನಾನು ಬರೆದ ಒಂದು ಚೀಟಿ ಅವರನ್ನು ಮೇಜಿನಿಂದ ಎಬ್ಬಿಸಿತ್ತು. ಕಣ್ಣು ಹೋಗಿ, ಆಪರೇಷನ್ ಆಗಿ, ಇಷ್ಟು ಮಾಡಿಕೊಂಡಿದ್ದಾರೆ, ಇದರಲ್ಲೂ ನಿಮಗೆ ಕಾಣಲಿಲ್ಲ ಅಂತ ಹೇಗೆ ಬರೆಯಲಿ? ಚೆನ್ನಾಗಿದೆ ಅಂತ ಬರೆಯುವ ಹಾಗಿಲ್ಲ, ಆ ಮಾತಿನ ಅರ್ಥ ಅವರಿಗೆ ಗೊತ್ತು. ನಾಳೆ ಬರೆಯೋಣ ಅಂದುಕೊಂಡು ಫೋಟೋವನ್ನು ಸ್ತೋತ್ರದ ಪುಸ್ತಕದಲ್ಲಿಟ್ಟೆ. ದಿನಾ ಕಣ್ಣಿಗೆ ಬೀಳಲಿ, ಮರೆಯದಿರಲಿ ಅಂತಲೇ ಅಲ್ಲಿಟ್ಟದ್ದು. ದಿನಾ ಕಂಡಿತು, ದಿನಾ ಪುಟ ಮಗುಚಿದೆ. ಮಗಳಿಗೆ ಸಿತಾಳೆ ಸಿಡುಬು ಎದ್ದಿತು, ಅತ್ತೆಗೆ ಹುಷಾರಿಲ್ಲದಾಯಿತು. ನೆಪಗಳಿಗೇನು...

ಐದು ತಿಂಗಳಾಗಿತ್ತು. ಫ್ಯಾಕ್ಟರಿಯಿಂದ ಬಂದ ನಮ್ಮ ಯಜಮಾನರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಚೆಕಿಂಗ್ ಸಾರ್ ಹೋಗ್ಬಿಟ್ರಂತೆ," ಅಂದರು. ಎದೆನೋವು, ಒಂದೇ ದಿನ. ನರಳಲಿಲ್ಲ, ಅದೊಂದು ಪುಣ್ಯ.

ಆಗ ಹೋದೆ ವರ್ತೂರಿಗೆ. ಮೊದಲೇ ಹೋಗಬಹುದಿತ್ತು ಅಂತ ಬಸ್ಸಿನುದ್ದಕ್ಕೂ ಗೊತ್ತಿತ್ತು. ಅಕ್ಕ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅತ್ತದ್ದೆಲ್ಲ ಆದ ಮೇಲೆ ಹೇಳಿದರು.

"ದಿನಾ ಪೋಸ್ಟ್‌ನವನನ್ನ ಕೇಳ್ತಿದ್ರು ಕಣೆ. ನಾನಂದೆ, ಅವಳಿಗೆ ಪುರುಸೊತ್ತಿಲ್ಲ ಬಿಡಿ, ಕಳಿಸಿಬಿಡಿ ಅಂತ. ಇಲ್ಲ, ಅದರಲ್ಲಿ ಏನೋ ಇದೆ, ಅದಕ್ಕೇ ಬರೆದಿಲ್ಲ ಅಂದ್ರು. ಅವಳು ಸುಳ್ಳು ಹೇಳಲ್ಲ, ಬರಿಯೋಕೆ ಕಷ್ಟ ಆಗ್ತಿರಬೇಕು, ಇರಲಿ ಕಾಯೋಣ ಅಂತ. ಪ್ರದರ್ಶನದ ಗಡುವೂ ಮುಗಿದುಹೋಯ್ತು." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು, "ಏನಿತ್ತೇ ಅದರಲ್ಲಿ?"

"ಒಂದು ಒಣಕಡ್ಡಿ ಅಕ್ಕ. ಬಲಗಡೆ ಅಡ್ಡ ಬಂದಿತ್ತು."

"ಅಷ್ಟೇನಾ?"

"ಅಷ್ಟೇ."

ಅಕ್ಕ ಬೈಯಲಿಲ್ಲ. ಹಿಂದೆ ಬರೆದದ್ದಕ್ಕೆ ಎಂಟು ತಿಂಗಳು ಮಾತು ಬಿಟ್ಟವರು, ಬರೆಯದೇ ಇದ್ದದ್ದಕ್ಕೆ ನನ್ನ ತಲೆ ಸವರಿದರು. ಹೊರಡುವಾಗ ಕೆರೆ ಏರಿಯವರೆಗೂ ಬಂದು, "ಇಲ್ಲೇ ಮಲಗ್ತಿದ್ರು ನೋಡು," ಅಂತ ಒಂದು ಕಡೆ ತೋರಿಸಿದರು. ತುಂಬೆ ಗಿಡಗಳು ಅಲ್ಲಿ ಒತ್ತಿಹೋಗಿ ಬಾಗಿದ್ದವು.

ಈಗ ಅಕ್ಕನೂ ಇಲ್ಲ. ನಮ್ಮ ವಠಾರ ಇದ್ದ ಕಡೆ ಗೋಡೌನ್ ಆಗಿದೆ. ಹೂವು ಕೊಂಡು ತರುತ್ತೇನೆ, ತುಂಬೆ ಮಾತ್ರ ಯಾರೂ ಮಾರುವುದಿಲ್ಲ. ಮಗಳು ಬಾಲ್ಕನಿಯ ಕುಂಡದ ಹೂವುಗಳ ಫೋಟೋ ಫೋನಿಗೆ ಕಳಿಸುತ್ತಾಳೆ. ನೆಂಟರೆಲ್ಲ ಸೂಪರ್ ಅಂತ ಹಾಕುತ್ತಾರೆ. ನಾನು ಮಾತ್ರ, ಹಿಂದೆ ಒಣಗಲು ಹಾಕಿದ ಟವೆಲ್ ತೆಗಿ ಅಂತ ಬರೆಯುತ್ತೇನೆ. ಅಮ್ಮನಿಗೆ ಏನೂ ಹಿಡಿಸಲ್ಲ ಅಂತ ಅವಳ ದೂರು. ಆದರೆ ಮುಂದಿನ ಫೋಟೋದಲ್ಲಿ ಟವೆಲ್ ಇರುವುದಿಲ್ಲ.

ಮೊನ್ನೆ ದೇವರ ಗೂಡು ಒರೆಸಿ, ಪಟಗಳನ್ನೆಲ್ಲ ಇಟ್ಟ ಮೇಲೆ, ಕನ್ನಡಕ ಹಾಕಿಕೊಂಡು ಕೂತೆ. ಕ್ಯಾಲೆಂಡರಿನ ಪಕ್ಕ ನೇತುಹಾಕಿದ ಪೆನ್ನು ತೆಗೆದುಕೊಂಡೆ. ಹಳದಿ ಚೀಟಿಯ ಮೊದಲ ಗೆರೆಯ ಮೇಲೆ ಬರೆದೆ: ಕಣ್ಣು ಮೊದಲು ಹೋದದ್ದು ಇರುವೆಯ ಕಣ್ಣಿಗೆ. ಎರಡನೆಯದರ ಮೇಲೆ ಬರೆದೆ: ತಡೆದದ್ದು, ಬಲಗಡೆಯ ಒಣಕಡ್ಡಿ.

ಮೂರನೆಯದು ನಾಳೆಯ ಸಾಲು. ಪೆನ್ನು ಅಲ್ಲಿಯವರೆಗೆ ಹೋಯಿತು, ನಿಂತಿತು. ಅದನ್ನು ಹಾಗೆಯೇ ಬಿಟ್ಟು, ಫೋಟೋವನ್ನು ಪುಸ್ತಕದೊಳಗಿಟ್ಟು, ದೀಪಕ್ಕೆ ಎಣ್ಣೆ ಹಾಕಿದೆ.